ಅಂಗಡಿ ಲೆಕ್ಕದ ಹುಡುಗ, ದಿವಾನ್ ಪೂರ್ಣಯ್ಯ

ಮೊದಲು ಒಂದು ಬಿಲ್ಲಿನ ಕತೆ ಹೇಳಿಬಿಡ್ತೀವಿ. ಪೂರ್ಣಯ್ಯನ ಹತ್ತಿರ ನಾವು ಹೋಗಿದ್ದೇ ಆ ಬಿಲ್ಲಿನಿಂದ.

ನಮ್ಮ ಹಾಸ್ಟೆಲ್ ರೂಮಿನಲ್ಲಿರೋ ಮೂವರೂ ಚಳ್ಳಕೆರೆ ಕಡೆಯವರು. ನಮ್ಮಲ್ಲೊಬ್ಬನ ಸೋದರಮಾವ ನಾಯಕನಹಟ್ಟಿ ಪಕ್ಕದ ಹಳ್ಳಿಯಲ್ಲಿ ಶೇಂಗಾ ಬೆಳೀತಾರೆ. ಹೊಲ ಪೂರ್ತಿ ಮಳೆ ನಂಬಿದ್ದು. ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಿರೋರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳೋದಾದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲೂಕುಗಳಲ್ಲಿ ನಮ್ಮದೂ ಒಂದು. ಹೋದ ಸಲ ಮಾವ ಬಿತ್ತನೆ ಬೀಜ ಕೊಂಡು ಬಿತ್ತಿದರು. ಅದೃಷ್ಟಕ್ಕೆ ಮಳೆ ಬಂತು, ಗಿಡ ಹಸಿರಾಗಿ ಬೆಳೆಯಿತು, ಆದರೆ ಕಿತ್ತು ನೋಡಿದರೆ ಬುಡದಲ್ಲಿ ಕಾಯಿ ಇಲ್ಲ. ಬೀಜದ್ದೇ ತಪ್ಪು ಅಂತ ಸುತ್ತಲಿನವರೆಲ್ಲ ಹೇಳಿದರು. ದೂರು ಕೊಡಬೇಕು ಅಂದರೆ ಬೀಜ ಕೊಂಡ ರಸೀದಿ ಬೇಕು. ಮಾವ ಅದನ್ನ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತಗಡಿನ ಶೀಟಿನ ಕೆಳಗಿನ ಗೂಡಿನಲ್ಲಿ ಇಟ್ಟಿದ್ದರು. ತೆಗೆದು ನೋಡಿದರೆ ಬಿಳೀ ಕಾಗದ. ಒಂದಕ್ಷರ ಇಲ್ಲ.

ಇಂಜಿನಿಯರಿಂಗ್ ಓದೋ ನಮಗೆ ಇದು ಯಾಕೆ ಹೀಗಾಯ್ತು ಅಂತ ಗೊತ್ತಿರಬೇಕಿತ್ತು. ಥರ್ಮಲ್ ಪೇಪರಿನಲ್ಲಿ ಶಾಯಿಯೇ ಇರಲ್ಲ. ಕಾಗದದ ಮೇಲೆ ಬಣ್ಣವಿಲ್ಲದ ಒಂದು ಡೈ ಮತ್ತು ಅದರ ಜೊತೆಗೆ ಒಂದು ಆಮ್ಲದ ಲೇಪ ಇರುತ್ತೆ. ಪ್ರಿಂಟರಿನ ಬಿಸಿ ತಲೆ ತಾಗಿದ ಕಡೆ ಎರಡೂ ಕರಗಿ ಸೇರಿ ಕಪ್ಪಾಗುತ್ತೆ. ಬಿಸಿಲು, ಎಣ್ಣೆ, ಕೈ ಬೆವರು ಎಲ್ಲವೂ ಅದಕ್ಕೆ ಶತ್ರು. ಎಲ್ಲಕ್ಕಿಂತ ದೊಡ್ಡ ಶತ್ರು ಪ್ಲಾಸ್ಟಿಕ್ ಕವರು. ಪಿವಿಸಿಯನ್ನ ಮೆತ್ತಗೆ ಮಾಡೋಕೆ ಹಾಕೋ ರಾಸಾಯನಿಕವೇ ಅಕ್ಷರಗಳನ್ನ ಅಳಿಸಿಬಿಡುತ್ತೆ. ಅಂದರೆ ಮಾವ ಬಿಲ್ಲನ್ನ ಕಾಪಾಡೋಕೆ ಮಾಡಿದ ಕೆಲಸವೇ ಬಿಲ್ಲನ್ನ ಕೊಂದಿತ್ತು. ಅಂಗಡಿಗೆ ಹೋಗಿ ಇನ್ನೊಂದು ಪ್ರತಿ ಕೇಳಿದರೆ, ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಗಿದೆ, ಹಳೇದು ಬರ್ತಿಲ್ಲ ಅಂದರು. ಕಾಗದವೂ ಇಲ್ಲ, ಡಿಜಿಟಲ್ಲೂ ಇಲ್ಲ.

ಆವತ್ತು ಸಂಜೆ ನಾಯಕನಹಟ್ಟಿಯ ಒಂದು ಹಳೇ ಕಿರಾಣಿ ಅಂಗಡಿ ಮುಂದೆ ಟೀ ಕುಡೀತಾ ಈ ಕತೆ ಹೇಳಿದೆವು. ಅಂಗಡಿಯ ಅಜ್ಜ ನಕ್ಕು, ತಮ್ಮ ಮುತ್ತಾತನ ಲೆಕ್ಕ ಕಾಗದದಲ್ಲೇ ಇರಲಿಲ್ಲ, ಬಟ್ಟೆಯಲ್ಲಿತ್ತು ಅಂದರು. ಅದಕ್ಕೆ ಕಡತ ಅಂತ ಹೆಸರು. ಬಟ್ಟೆ ಯಾವತ್ತೋ ಹೋಗಿದೆ, ಅದರ ಎರಡು ತುದಿಗೆ ಹೊಡೆದಿದ್ದ ಮರದ ಹಲಗೆಗಳಲ್ಲಿ ಒಂದು ಉಳಿದಿದೆ. ಈಗ ಅದರ ಮೇಲೆ ಯುಪಿಐ ಸೌಂಡ್ ಬಾಕ್ಸ್ ಇಟ್ಟಿದ್ದಾರೆ.

ಕಡತ ಅನ್ನೋ ಪದ ನಮಗೆ ಗೊತ್ತಿದ್ದದ್ದು ಸರ್ಕಾರಿ ಫೈಲಿಗೆ. ತಾಲೂಕು ಆಫೀಸಿನಲ್ಲಿ ಕಡತ ಎಲ್ಲಿದೆ ಅಂತ ಅಲೀತಾರಲ್ಲ, ಅದೇ. ಆದರೆ ನಿಜವಾದ ಕಡತ ಅಂದರೆ ಹತ್ತಿಬಟ್ಟೆಯ ಒಂದು ಉದ್ದನೆ ಪಟ್ಟಿ. ಅಗಲ ಒಂದಡಿ ಒಳಗೆ, ಉದ್ದ 12ರಿಂದ 18 ಅಡಿ. ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಕಲಸಿ ಎರಡೂ ಕಡೆ ಬಳಿದು ಒಣಗಿಸೋದು. ಆಮೇಲೆ ಕತ್ತರಿಸದೆ ಒಂದರ ಮೇಲೊಂದು ಮಡಿಸಿ, ಎರಡು ತುದಿಗೂ ಹಲಗೆ ಕೂರಿಸೋದು. ಬರೆಯೋದು ಬಳಪದಲ್ಲಿ. ಸ್ಲೇಟಿನ ಹಾಗೆ ಕಪ್ಪಿನ ಮೇಲೆ ಬಿಳಿ ಅಕ್ಷರ, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಇದನ್ನ ವಿವರವಾಗಿ ಬರೆದಿದ್ದಾನೆ. ವ್ಯಾಪಾರಿಗಳೂ ಅಂಗಡಿಯವರೂ ಲೆಕ್ಕ ಇಡ್ತಿದ್ದದ್ದು ಇದರಲ್ಲೇ, ಕಾಗದಕ್ಕಿಂತ ಇದೇ ಹೆಚ್ಚು ಬಾಳಿಕೆ ಬರಬಹುದು ಅನ್ನೋದು ಅವನ ಅಭಿಪ್ರಾಯ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇವತ್ತಿಗೂ ಉಳಿದಿವೆ. ಮಾವನ ಬಿಲ್ಲು ಒಂದು ಬೆಳೆ ಕಾಲವೂ ಉಳಿಯಲಿಲ್ಲ.

ವಿಲ್ಕ್ಸ್ ಮೈಸೂರಿನಲ್ಲಿದ್ದಾಗ ದಿನಾ ವ್ಯವಹರಿಸಬೇಕಾಗಿದ್ದ ಮನುಷ್ಯ ದಿವಾನ್ ಪೂರ್ಣಯ್ಯ. ಆ ದಿವಾನನ ಜೀವನ ಶುರುವಾಗಿದ್ದು ಒಂದು ಕಿರಾಣಿ ಅಂಗಡಿಯ ಲೆಕ್ಕ ಬರೆಯೋ ಕೆಲಸದಿಂದ. ಇದು ನಮಗೆ ಗೊತ್ತೇ ಇರಲಿಲ್ಲ. ಸ್ಕೂಲಿನ ಇಂಗ್ಲಿಷ್ ಮೀಡಿಯಂ ಹಿಸ್ಟರಿ ಪುಸ್ತಕದಲ್ಲಿ ಪೂರ್ಣಯ್ಯ ಅಂದರೆ ಟಿಪ್ಪು ಪಾಠದ ಕೊನೆಯಲ್ಲಿ ಬರೋ ಒಂದು ಹೆಸರು, ಅಷ್ಟೇ.

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಈಗಿನ ತಮಿಳುನಾಡಿಗೆ ಸೇರಿದ ಒಂದು ಹಳ್ಳಿಯಲ್ಲಿ. ಬಡ ಮಾಧ್ವ ಬ್ರಾಹ್ಮಣ ಕುಟುಂಬ. 11 ವರ್ಷಕ್ಕೆ ಅಪ್ಪ ತೀರಿಕೊಂಡರು. ಮನೆ ನಡೀಬೇಕಲ್ಲ, ಹುಡುಗ ಒಬ್ಬ ಶೆಟ್ಟರ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿಕೊಂಡ. ನಮಗೆ ಈಗ 19. ನಾವು ಸೆಮಿಸ್ಟರ್ ಫೀಸಿನ ರಸೀದಿಯನ್ನೂ ಸರಿಯಾಗಿ ಇಟ್ಟುಕೊಳ್ಳಲ್ಲ. ಅವನು ನಮಗಿಂತ ಚಿಕ್ಕ ವಯಸ್ಸಿಗೇ ಯಾರು ಎಷ್ಟು ಉದ್ರಿ ತಗೊಂಡರು, ಎಷ್ಟು ತೀರಿಸಿದರು, ಯಾವ ಮೂಟೆ ಎಲ್ಲಿಗೆ ಹೋಯ್ತು ಅಂತ ಬರೀತಾ ಕೂತಿದ್ದ.

ಆ ಅಂಗಡಿಗೆ ಅನ್ನದಾನ ಶೆಟ್ಟಿ ಅನ್ನೋ ದೊಡ್ಡ ವ್ಯಾಪಾರಿಯ ಜೊತೆ ವ್ಯವಹಾರ ಇತ್ತು. ಅನ್ನದಾನ ಶೆಟ್ಟಿಗೆ ಹೈದರ್ ಅಲಿಯ ದರ್ಬಾರಿನ ಜೊತೆ ವ್ಯವಹಾರ ಇತ್ತು. ಹೀಗೆ ಅಂಗಡಿಯಿಂದ ಅಂಗಡಿಗೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಪೂರ್ಣಯ್ಯ ಬಂದ. ಈಗಿನ ಭಾಷೆಯಲ್ಲಿ ರೆಫರಲ್ ಅಂತೀವಲ್ಲ, ಅದೇ. ಆದರೆ ಒಳಗೆ ಹೋದಮೇಲೆ ಉಳಿಸಿಕೊಂಡಿದ್ದು ಅವನ ಕೈ. ಅಕ್ಷರ ಮುತ್ತಿನ ಹಾಗೆ, ಲೆಕ್ಕ ತಪ್ಪೋದಿಲ್ಲ, ಹಲವು ಭಾಷೆ ಬರುತ್ತೆ, ಒಮ್ಮೆ ಕೇಳಿದ ಅಂಕಿ ಮರೆಯಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಹೈದರ್ ಅಲಿಗೆ ಓದು ಬರಹ ಬರ್ತಿರಲಿಲ್ಲ. ಇಡೀ ರಾಜ್ಯದ ಲೆಕ್ಕ ಬೇರೆಯವರು ಬರೆದದ್ದು, ಅವನು ಕಿವಿಯಲ್ಲಿ ಕೇಳಿ ತಲೆಯಲ್ಲಿ ಇಟ್ಟುಕೊಳ್ಳಬೇಕು. ಅವನ ನೆನಪಿನ ಶಕ್ತಿ ಭಯ ಹುಟ್ಟಿಸೋ ಹಾಗಿತ್ತು ಅಂತ ಅವನನ್ನ ಕಂಡವರೆಲ್ಲ ಬರೆದಿದ್ದಾರೆ. ಅಂಥವನ ಮುಂದೆ ಲೆಕ್ಕ ಓದಿ ಹೇಳೋದು ಅಂದರೆ ವೈವಾ ಇದ್ದ ಹಾಗೆ, ಅದೂ ದಿನಾ. ಹೋದ ತಿಂಗಳು ಹೇಳಿದ ಅಂಕಿಗೂ ಇವತ್ತಿನದಕ್ಕೂ ಒಂದು ವರಹ ವ್ಯತ್ಯಾಸ ಬಂದರೆ ಸಿಕ್ಕಿಬೀಳ್ತಾರೆ. ಪೂರ್ಣಯ್ಯ ಸಿಕ್ಕಿಬೀಳಲಿಲ್ಲ. ಖಜಾನೆಯ ಹೊಣೆ ಹೊತ್ತವರಲ್ಲಿ ಒಬ್ಬನಾಗುವವರೆಗೆ ಮೇಲೆ ಬಂದ. ಅವನ ಜೊತೆಗೆ ಕೃಷ್ಣರಾಯ ಅನ್ನೋ ಇನ್ನೊಬ್ಬ ಅಧಿಕಾರಿಯೂ ಇದ್ದ.

ನಮ್ಮ ಊರಿನ ಲೆಕ್ಕವೂ ಈ ಕಾಲದಲ್ಲೇ ಶ್ರೀರಂಗಪಟ್ಟಣಕ್ಕೆ ಸೇರಿದ್ದು. 1779ರಲ್ಲಿ ಹೈದರ್ ಚಿತ್ರದುರ್ಗದ ಕೋಟೆ ಹಿಡಿದ, ಪಾಳೆಯಗಾರರ ಆಳ್ವಿಕೆ ಮುಗೀತು. ಕೋಟೆ ಬಿದ್ದದ್ದು, ಒನಕೆ ಓಬವ್ವ, ಇದೆಲ್ಲ ನಮಗೆ ಚಿಕ್ಕಂದಿನಿಂದ ಗೊತ್ತು. ಕೋಟೆ ಬಿದ್ದ ಮಾರನೇ ದಿನದಿಂದ ಯಾವ ಹಳ್ಳಿ ಎಷ್ಟು ಕಂದಾಯ ಕೊಡಬೇಕು ಅಂತ ಯಾರೋ ಕೂತು ಬರೆದಿರ್ತಾರಲ್ಲ, ಅದನ್ನ ಮಾತ್ರ ನಾವು ಯೋಚಿಸಿರಲೇ ಇಲ್ಲ.

ಪೂರ್ಣಯ್ಯನ ಜೀವನದ ಅತಿ ದೊಡ್ಡ ಪರೀಕ್ಷೆ ಬಂದದ್ದು 1782ರ ಡಿಸೆಂಬರಿನಲ್ಲಿ. ಬ್ರಿಟಿಷರ ಜೊತೆ ಯುದ್ಧ ನಡೀತಿತ್ತು. ಬೆನ್ನಿನ ಹುಣ್ಣಿನಿಂದ ನರಳುತ್ತಿದ್ದ ಹೈದರ್ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಡಿಸೆಂಬರ್ 7ಕ್ಕೆ ಸತ್ತ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಗೆ ಬಿದ್ದರೆ ಸೈನ್ಯ ಒಡೆದು ಹೋಗುತ್ತೆ, ಸಿಂಹಾಸನಕ್ಕೆ ಯಾರು ಯಾರೋ ನಿಲ್ತಾರೆ. ಪೂರ್ಣಯ್ಯ, ಕೃಷ್ಣರಾಯ ಮತ್ತು ಕೆಲವೇ ನಂಬಿಕಸ್ತರು ಸೇರಿ ಸಾವನ್ನ ಮುಚ್ಚಿಟ್ಟರು. ಹೆಣವನ್ನ ಒಂದು ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಪೆಟ್ಟಿಗೆ ಸಾಗಿಸೋ ರೀತಿಯಲ್ಲೇ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ಪಾಳೆಯದಲ್ಲಿ ಹೈದರ್ ಬದುಕಿದ್ದಾನೆ ಅನ್ನೋ ಹಾಗೇ ಎಲ್ಲ ನಡೀತು. ವಾಸನೆ ಹಿಡಿದು ಸಂಚು ಮಾಡಿದವರನ್ನ ಹಿಡಿದು ಹಾಕಿದರು. ಟಿಪ್ಪು ಬಂದು ಸೇರೋವರೆಗೂ ರಾಜ್ಯ ನಿಂತಿತ್ತು. ಜೀವನಪೂರ್ತಿ ಒಂದು ಕಾಸು ಸುಳ್ಳು ಬರೆಯಬಾರದು ಅಂತ ಇದ್ದ ಲೆಕ್ಕಿಗ ಒಂದೇ ಒಂದು ಸಲ ಪೆಟ್ಟಿಗೆಯ ವಿಷಯದಲ್ಲಿ ಮಹಾ ಸುಳ್ಳು ಹೇಳಿದ, ಅದು ದಕ್ಕಿತು. ಅದು ಸರಿಯೋ ತಪ್ಪೋ ಅಂತ ನಮ್ಮ ರೂಮಿನಲ್ಲಿ ಒಂದು ರಾತ್ರಿ ಜಗಳ ಆಗಿದೆ. ತೀರ್ಮಾನ ಆಗಿಲ್ಲ.

ಜೊತೆಗಾರ ಕೃಷ್ಣರಾಯನಿಗೆ ಆ ಪುಣ್ಯ ಇರಲಿಲ್ಲ. ಮುಂದಿನ ವರ್ಷವೇ ಟಿಪ್ಪುವಿನ ವಿರುದ್ಧ ಸಂಚು ಮಾಡಿದ ಆರೋಪದ ಮೇಲೆ ಅವನನ್ನ ಕೊಂದರು. ಪೂರ್ಣಯ್ಯ ಉಳಿದ. ಆಮೇಲಿನ 16 ವರ್ಷ ಟಿಪ್ಪುವಿನ ಕೈಕೆಳಗೆ ಕೆಲಸ ಮಾಡಿದ. ಆ ಕಾಲದ ಸರ್ಕಾರಿ ಲೆಕ್ಕ ಒಂದೇ ಭಾಷೆಯಲ್ಲಿ ಇರ್ತಿರಲಿಲ್ಲ. ಕನ್ನಡ, ಮರಾಠಿ, ಜೊತೆಗೆ ಟಿಪ್ಪು ಇಷ್ಟಪಟ್ಟ ಪಾರ್ಸಿ. ಒಂದೇ ಲೆಕ್ಕವನ್ನ ಬೇರೆ ಬೇರೆ ಜನ ಬೇರೆ ಬೇರೆ ಭಾಷೆಯಲ್ಲಿ ಇಟ್ಟರೆ ಮೋಸ ಮಾಡೋಕೆ ಎಲ್ಲರೂ ಒಟ್ಟಾಗಬೇಕಾಗುತ್ತೆ. ಡೇಟಾಬೇಸ್ ಕ್ಲಾಸಿನಲ್ಲಿ ಒಂದೇ ಡೇಟಾವನ್ನ ಮೂರು ಕಡೆ ಇಡಿ ಅಂತ ಹೇಳಿಕೊಡ್ತಾರಲ್ಲ, ಆ ಬುದ್ಧಿ ಹೊಸದೇನಲ್ಲ. ಒರೆಸಿ ಬರೆಯಬಹುದಾದ ಕಡತವನ್ನ ಜನ ನಂಬ್ತಿದ್ದದ್ದೂ ಹೀಗೇ ಇರಬೇಕು. ಕೊಟ್ಟವನ ಹತ್ತಿರ ಒಂದು, ತಗೊಂಡವನ ಹತ್ತಿರ ಒಂದು, ನಡುವೆ ಇಬ್ಬರಿಗೂ ಗೊತ್ತಿರೋ ಮನುಷ್ಯ ಒಬ್ಬ. ಮಾವನ ವಿಷಯದಲ್ಲಿ ಈ ಮೂರೂ ಇರಲಿಲ್ಲ.

1792ರಲ್ಲಿ ಟಿಪ್ಪು ಸೋತಾಗ ಅರ್ಧ ರಾಜ್ಯ ಹೋಯ್ತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅರ್ಧ ರಾಜ್ಯದಿಂದ ಅಷ್ಟು ಹಣ ಎತ್ತೋದು ಅಂದರೆ ರೈತರ ಮೇಲೆ ಏನು ಬಿದ್ದಿರಬಹುದು ಅಂತ ಊಹಿಸಿ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಪೂರ್ಣಯ್ಯ ಬ್ರಿಟಿಷರಿಗೆ ಶರಣಾದ. ಅವರು ಒಡೆಯರ ವಂಶದ 5 ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜನನ್ನ ಸಿಂಹಾಸನದಲ್ಲಿ ಕೂರಿಸಿ, ಆಡಳಿತ ನಡೆಸೋಕೆ ಪೂರ್ಣಯ್ಯನನ್ನೇ ದಿವಾನ್ ಮಾಡಿದರು.

ಇಲ್ಲೇ ಪೂರ್ಣಯ್ಯನ ಬಗ್ಗೆ ಜಗಳ ಶುರುವಾಗೋದು. ಮೂರು ಒಡೆಯರ ಉಪ್ಪು ತಿಂದವನು, ಟಿಪ್ಪುವಿಗೆ ಕೈಕೊಟ್ಟವನು ಅಂತ ಬೈಯೋರಿದ್ದಾರೆ. ಮೀರ್ ಸಾದಿಕನ ಸಾಲಿನಲ್ಲೇ ಅವನನ್ನ ನಿಲ್ಲಿಸ್ತಾರೆ. ಇನ್ನೊಂದು ಕಡೆಯವರು ಅವನಿಲ್ಲದಿದ್ದರೆ ಮೈಸೂರು ಅನ್ನೋ ರಾಜ್ಯವೇ ಉಳೀತಿರಲಿಲ್ಲ ಅಂತಾರೆ. ನಮಗೆ ಅನ್ನಿಸಿದ್ದು ಏನಂದರೆ, ಅವನು ಮೂರು ಜನ ರಾಜರಿಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕಕ್ಕೆ ನಿಷ್ಠನಾಗಿದ್ದ. ರಾಜ ಬದಲಾದರೂ ಯಾವ ಹಳ್ಳಿಯಿಂದ ಎಷ್ಟು ಬರುತ್ತೆ ಅನ್ನೋದು ಗೊತ್ತಿರೋನು ಬೇಕೇ ಬೇಕು. ಬ್ರಿಟಿಷರಿಗೆ ಅವನು ಬೇಕಾದದ್ದೂ ಅದಕ್ಕೇ. ಸಿಸ್ಟಮ್ ಬದಲಾಯಿಸುವಾಗ ಹಳೇ ಡೇಟಾ ತರೋಕೆ ಹಳೇ ಅಡ್ಮಿನ್ ಬೇಕಾಗ್ತಾನಲ್ಲ, ಹಾಗೆ. ಬೀಜದ ಅಂಗಡಿಯಲ್ಲಿ ಅಂಥವನು ಒಬ್ಬ ಇದ್ದಿದ್ದರೆ ಅಂತ ಅನ್ನಿಸಿದ್ದೂ ಸುಳ್ಳಲ್ಲ.

ದಿವಾನನಾಗಿ ಅವನು ಮೊದಲು ಹೊಂದಿಸಬೇಕಾಗಿದ್ದು ಬ್ರಿಟಿಷರಿಗೆ ವರ್ಷಕ್ಕೆ ಕೊಡಬೇಕಾದ 7 ಲಕ್ಷ ವರಹ ಪೊಗದಿ. ಅದನ್ನ ತಪ್ಪದೆ ಕೊಟ್ಟ. ಕೊಟ್ಟೂ ಉಳಿಸಿದ. ಪಾಳು ಬಿದ್ದ ಕೆರೆ ಕಾಲುವೆಗಳನ್ನ ರಿಪೇರಿ ಮಾಡಿಸಿದ, ಛತ್ರ ಕಟ್ಟಿಸಿದ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಅವನ ಮೇಲ್ವಿಚಾರಣೆಯದ್ದು. ಸಿವಿಲ್ ಗೆಳೆಯರು ಒಮ್ಮೆ ಹೋಗಿ ನೋಡಬೇಕು. ಕಂಬವೂ ಕಲ್ಲು, ತೊಲೆಯೂ ಕಲ್ಲು. 200 ವರ್ಷದಲ್ಲಿ ಎಷ್ಟು ಪ್ರವಾಹ ಬಂದು ಹೋಯ್ತೋ, ಇನ್ನೂ ನಿಂತಿದೆ. ಗವರ್ನರ್ ಜನರಲ್ ಹೆಸರು ಅದಕ್ಕಿಟ್ಟದ್ದು ಒಂದು ರೀತಿಯ ಬಿಲ್ ಪಾವತಿ ಅಂತ ನಮ್ಮಲ್ಲೊಬ್ಬ ಹೇಳ್ತಾನೆ.

ಅವನ ಎಲ್ಲ ಕೆಲಸವೂ ಗೆಲ್ಲಲಿಲ್ಲ. ಕಾವೇರಿ ನೀರನ್ನ ಮೈಸೂರು ಪಟ್ಟಣಕ್ಕೆ ತರೋಕೆ ಒಂದು ನಾಲೆ ತೋಡಿಸಿದ, ಅದು ಕೈಗೂಡಲಿಲ್ಲ. ಪೂರ್ಣಯ್ಯ ನಾಲೆ ಅನ್ನೋ ಹೆಸರು ಮಾತ್ರ ಮೈಸೂರಿನಲ್ಲಿ ಉಳಿದಿದೆ. ಮೈಸೂರಿನಲ್ಲಿ ಓದೋ ನಮ್ಮ ಫ್ರೆಂಡ್ ಅದನ್ನ ಬರೀ ಮೋರಿ ಅಂದುಕೊಂಡಿದ್ದನಂತೆ.

ಕೆರೆ ರಿಪೇರಿ ಅಂದಾಗ ನಾಯಕನಹಟ್ಟಿಯವರಿಗೆ ನೆನಪಾಗೋದು ಪೂರ್ಣಯ್ಯ ಅಲ್ಲ, ಅವನಿಗಿಂತ ಎಷ್ಟೋ ಹಿಂದಿನ ತಿಪ್ಪೇರುದ್ರಸ್ವಾಮಿ. ಪ್ರತಿ ವರ್ಷ ಫಾಲ್ಗುಣದಲ್ಲಿ ಲಕ್ಷಗಟ್ಟಲೆ ಜನ ಸೇರೋ ಜಾತ್ರೆ ಅವರದ್ದೇ. ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಅಂತ ಅವರನ್ನ ಜನ ನೆನೀತಾರೆ. ದುಡಿದಷ್ಟಕ್ಕೆ ತಕ್ಕ ಕೂಲಿ ಅನ್ನೋದು ಅವರ ನೇಮ. ಕೆರೆ ಕೆಲಸ ಮುಗಿದ ಸಂಜೆ ಒಬ್ಬೊಬ್ಬರ ಮುಂದೆ ಮರಳಿನ ಗುಡ್ಡೆ, ಅದರಲ್ಲಿ ಅವರವರು ದುಡಿದಷ್ಟೇ ಕೂಲಿ ಸಿಗ್ತಿತ್ತು ಅಂತ ನಮ್ಮ ಅಜ್ಜಿ ಕತೆ ಹೇಳ್ತಿದ್ದರು. ರಸೀದಿಯೇ ಬೇಡದ ಲೆಕ್ಕ ಅದು. ಪೂರ್ಣಯ್ಯನ ಲೆಕ್ಕ ಹಾಗಲ್ಲ. ಅಲ್ಲಿ ಪವಾಡ ಇಲ್ಲ, ಶಾನುಭೋಗ ಬರೆದದ್ದೇ ಸತ್ಯ. ಶಾನುಭೋಗ ತಪ್ಪು ಬರೆದರೆ ಓದೋಕೆ ಬಾರದ ರೈತ ಏನು ಮಾಡಬೇಕು? ಈ ಪ್ರಶ್ನೆಗೆ ಆ ಕಾಲದಲ್ಲೂ ಉತ್ತರ ಇದ್ದ ಹಾಗೆ ಕಾಣಲ್ಲ.

1807ರಲ್ಲಿ ಅವನಿಗೆ ಯಳಂದೂರನ್ನ ಜಹಗೀರಾಗಿ ಕೊಟ್ಟರು. ರಾಜ ದೊಡ್ಡವನಾದ, ತಾನೇ ಆಳ್ತೀನಿ ಅಂದ. ಮುದುಕ ದಿವಾನನಿಗೂ ಹರೆಯದ ರಾಜನಿಗೂ ಸರಿಬರಲಿಲ್ಲ. 1811ರ ಹೊತ್ತಿಗೆ ಪೂರ್ಣಯ್ಯ ಅಧಿಕಾರ ಬಿಟ್ಟ. ಅವನು ಬಿಡುವಾಗ ಖಜಾನೆಯಲ್ಲಿ 2 ಕೋಟಿಗೂ ಹೆಚ್ಚು ಉಳಿಸಿದ್ದ ಅಂತ ಇತಿಹಾಸಕಾರರು ಬರೀತಾರೆ. 1812ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಆಗ 66 ವರ್ಷ.

ಆ 2 ಕೋಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನ ಜಾಣ ಉಳಿತಾಯ ಅಂತ ಹೊಗಳೋರು ಜಾಸ್ತಿ. ಆದರೆ ಅಷ್ಟು ಹಣ ಎಲ್ಲಿಂದ ಬಂತು? ನಮ್ಮಂಥ ಮಳೆ ಇಲ್ಲದ ಸೀಮೆಯ ರೈತರಿಂದಲೂ ಬಂದದ್ದೇ. ಲೆಕ್ಕ ಚೆನ್ನಾಗಿ ಇಡೋನು ವಸೂಲೂ ಚೆನ್ನಾಗಿಯೇ ಮಾಡ್ತಾನೆ. ಅವನು ಹೋದಮೇಲೆ ಹಣ ಕರಗಿತು, ಕಂದಾಯದ ಕಾಟಕ್ಕೆ 1830ರಲ್ಲಿ ನಗರದಲ್ಲಿ ರೈತರು ದಂಗೆ ಎದ್ದರು, 1831ರಲ್ಲಿ ಬ್ರಿಟಿಷರು ಆಡಳಿತವನ್ನ ತಾವೇ ತಗೊಂಡರು.

2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟಾಗ ನಮಗೆ ಈ ವಸೂಲಿ ಮಾತೇ ನೆನಪಾಗಿದ್ದು. ಬೆಂಗಳೂರಿನಲ್ಲಿ ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು, ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ಅಂಗಡಿಯವನ ಒಂದೊಂದು ರೂಪಾಯಿಯೂ ಸರ್ಕಾರಕ್ಕೆ ವರ್ಷಗಟ್ಟಲೆ ಕಾಣುತ್ತೆ. ಮಾವನಿಗೆ ಮಾತ್ರ ತಾನು ಕೊಂಡ ಬೀಜದ ಬಿಲ್ಲು ನಾಲ್ಕು ತಿಂಗಳೂ ಕಾಣಲಿಲ್ಲ. ಡಿಜಿಟಲ್ ಆದರೆ ಎಲ್ಲ ಸರಿಹೋಗುತ್ತೆ ಅಂತ ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳ ಮೊದಲ ಪುಟದಲ್ಲಿ ಬರೀತೀವಿ. ದಾಖಲೆ ಯಾರ ಕೈಯಲ್ಲಿ ಉಳಿಯುತ್ತೆ ಅಂತ ಯಾರೂ ಬರೆಯಲ್ಲ. ನಾವೂ ಬರೆದಿರಲಿಲ್ಲ.

ಮಾವನ ದೂರು ಮುಂದೆ ಹೋಗಲಿಲ್ಲ. ಯುಪಿಐನಲ್ಲಿ ಹಣ ಕೊಟ್ಟದ್ದು ಫೋನಿನಲ್ಲಿತ್ತು. ಆದರೆ ಅದರಲ್ಲಿ ಎಷ್ಟು ರೂಪಾಯಿ, ಯಾರಿಗೆ ಅಂತ ಇತ್ತೇ ಹೊರತು ಯಾವ ತಳಿ, ಯಾವ ಲಾಟ್ ನಂಬರ್, ಎಷ್ಟು ಕೆಜಿ ಅಂತ ಇರಲಿಲ್ಲ. ಹಣ ಸೇರಿದ್ದಕ್ಕೆ ಸಾಕ್ಷಿ ಇದೆ, ಏನು ಕೊಂಡರು ಅನ್ನೋದಕ್ಕೆ ಇಲ್ಲ. ಯುಪಿಐ ಮೆಸೇಜನ್ನೇ ಬಿಲ್ಲು ಅಂದುಕೊಂಡಿರೋ ಗೆಳೆಯರು ಇದೊಂದನ್ನ ಮನೆಯಲ್ಲಿ ಹೇಳಿಬಿಡಿ.

ಈ ಸಲ ಬಿತ್ತನೆಗೆ ಮುಂಚೆ ನಾವೂ ಮಾವನ ಜೊತೆ ಅಂಗಡಿಗೆ ಹೋಗಿದ್ದೆವು. ಥರ್ಮಲ್ ಬಿಲ್ಲು ಕೊಟ್ಟರು. ಅದರ ಫೋಟೋ ಹೊಡೆದು ಮಾವನ ವಾಟ್ಸಾಪಿಗೂ ನಮ್ಮ ಮೂವರ ಗ್ರೂಪಿಗೂ ಕಳಿಸಿದೆವು. ಬೀಜದ ಚೀಲದ ಮೇಲಿನ ಲೇಬಲ್ಲನ್ನ ಕತ್ತರಿಸಿ ಇಟ್ಟುಕೊಂಡೆವು. ಅಷ್ಟಾದರೂ ಮಾವ ಕದಲಲಿಲ್ಲ. ಹಳೇ ಬಿಲ್ ಬುಕ್ಕು ತೆಗೆದು, ಕಾರ್ಬನ್ ಹಾಕಿ, ತಳಿಯ ಹೆಸರು, ಲಾಟ್ ನಂಬರ್ ಎಲ್ಲ ಕೈಯಲ್ಲಿ ಬರೆದು ಸಹಿ ಹಾಕಿಕೊಡೋಕೆ ಕೇಳಿದರು. ಅಂಗಡಿಯ ಹುಡುಗನಿಗೆ ನಮ್ಮದೇ ವಯಸ್ಸು. ಬೇಜಾರು ಮಾಡಿಕೊಂಡೇ ಕೂತು ಬರೆದ. ಅಕ್ಷರ ಚೆನ್ನಾಗಿತ್ತು.